ತೂತಿಗೆ ಕೊಟ್ಟ ರೊಕ್ಕ

ಗೋಡೆಯಲ್ಲಿ ಎರಡು ತೂತು ಹೊಡೆಸಲು ನಾನು ಮೊನ್ನೆ ನಾಲ್ಕು ಸಾವಿರ ರೂಪಾಯಿ ಕೊಟ್ಟೆ. ಕಿಟಕಿಗಲ್ಲ, ಕಿಟಕಿಯ ಚೌಕಟ್ಟಿಗಲ್ಲ, ಬರೀ ತೂತಿಗೆ. ಗೌಂಡಿ ಐದು ಸಾವಿರ ಕೇಳಿದ, ನಾನು ಎರಡರಿಂದ ಶುರುಮಾಡಿದೆ. ಇಂಥ ಚೌಕಾಶಿ ಮೂರರ ಆಸುಪಾಸಿಗೆ ಬಂದು ನಿಲ್ಲಬೇಕು; ನಿಲ್ಲಿಸುವುದು ನನಗೆ ಗೊತ್ತು. ಆದರೆ ಈ ಮನೆ ಕಟ್ಟಿದವನೂ ಅದೇ ಗೌಂಡಿ.

“ಇಟ್ಟಂಗಿ ಇಡಾಕ ರೊಕ್ಕ ಕೇಳೂದು ನೋಡೀನಿ. ತೆಗ್ಯಾಕೂ ಕೇಳ್ತಿಯೇನೋ?” ಅಂದೆ.

“ಸಾವಕಾರ್ರ, ಕಟ್ಟೂ ಮುಂದ ಛತ್ತಿನ ಬುಡಕ ಎರಡು ಕಿಂಡಿ ಬಿಡತೇನಿ ಅಂದಿದ್ದೆ. ಬ್ಯಾಡ, ಅದರ ರೊಕ್ಕ ಮುರಕೋ ಅಂದೀರಿ. ಅವಾಗ ಬಿಟ್ಟಿದ್ರ ಪುಕ್ಕಟ ಬರ್ತಿತ್ತು,” ಅಂದ ಅವನು.

ಮಾತು ನಿಜ. ಕಿಂಡಿ ಅಂದರೆ ಅದಕ್ಕೊಂದು ಚೌಕಟ್ಟು, ಗಾಜು, ಕಬ್ಬಿಣದ ಸರಳು. ಗೋಡೆ ಇರುವ ಕಡೆ ಗೋಡೆಯೇ ಇರಲಿ ಅಂತ ನಾನು ಆಗ ಅವನ್ನೆಲ್ಲ ಕಡಿತ ಮಾಡಿಸಿ, ಮನೆಶಾಂತಿಗೆ ಬಂದ ಬೀಗರ ಮುಂದೆ ಆ ಉಳಿತಾಯವನ್ನು ಊಟಕ್ಕಿಂತ ಮೊದಲು ಬಡಿಸಿದ್ದೆ.

ಈಗ ಯಾಕೆ ಕೊಟ್ಟೆ ಅನ್ನುವುದನ್ನು ಹೇಳಲೇಬೇಕು. ರೊಕ್ಕ ಕೊಟ್ಟ ಮೇಲೆ ಕಾರಣ ಹೇಳದಿದ್ದರೆ ಜನ ನಮ್ಮನ್ನು ಉಳ್ಳವರು ಅಂತ ತಿಳಿದುಕೊಳ್ಳುತ್ತಾರೆ. ಮುಂದಿನ ಸಲ ತರಕಾರಿಯವಳು ಕೂಡ ಹೆಚ್ಚು ಕೇಳುತ್ತಾಳೆ. ತೂತಿನ ಹಿಂದೆ ಒಂದು ಕೂಲರ್ ಇದೆ. ಕೂಲರಿನ ಹಿಂದೆ ನನ್ನ ಅಕ್ಕ ನೀಲಮ್ಮ ಇದ್ದಾಳೆ. ಅಕ್ಕನ ತಲೆಯ ಮೇಲೆ, ಮಣ್ಣೂರಿನ ಅವಳ ಮನೆಯ ಮಾಳಿಗೆಯಲ್ಲಿ, ಒಳ್ಳೆಯ ಸಾಗುವಾನಿ ತೊಲೆಗಳಿವೆ.

ತೊಲೆಯ ಮಾತು ಯಾಕೆ ಬಂತೆಂದರೆ ನನ್ನದು ಹಳೆ ಕಟ್ಟಿಗೆಯ ವ್ಯಾಪಾರ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿನಲ್ಲಿ ಯಾರಾದರೂ ಮಣ್ಣಿನ ಮಾಳಿಗೆ ಮನೆ ಕೆಡವಿ ಸ್ಲ್ಯಾಬ್ ಹಾಕಿಸಬೇಕು ಅಂತ ಯೋಚನೆ ಮಾಡಿದರೆ ಸಾಕು, ಅವರ ಹೆಂಡತಿಗೆ ತಿಳಿಯುವ ಮೊದಲು ನನಗೆ ತಿಳಿದಿರುತ್ತದೆ. ಮನೆಯವರು ಹೊಸ ಮನೆಯ ನಕ್ಷೆ ನೋಡುತ್ತ ಕೂತಿರುವಾಗ ನಾನು ತಲೆಯೆತ್ತಿ ಹಳೆಯ ತೊಲೆ ನೋಡುತ್ತ ನಿಂತಿರುತ್ತೇನೆ. ಕತ್ತು ನೋಯುವ ಕಸುಬು. ಹೆಗಲ ಮೇಲೆ ಬಾಗಿಲು ಹೊತ್ತು ಶುರುಮಾಡಿದವನು ಈಗ ಆಳಂದದಲ್ಲಿ ಸ್ವಂತ ಕಟ್ಟಿಗೆ ಅಡ್ಡೆ, ಸ್ವಂತ ಟೆಂಪೋ, ಸ್ವಂತ ಸ್ಲ್ಯಾಬಿನ ಮನೆ ಮಾಡಿಕೊಂಡಿದ್ದೇನೆ. ತೊಲೆ ಮಾರುವವನು ತೊಲೆಯ ಕೆಳಗೆ ಮಲಗಬಾರದು ಅನ್ನುವುದು ನನ್ನ ಅಂದಿನ ಸಿದ್ಧಾಂತ.

ನನ್ನ ಅಡ್ಡೆಯಲ್ಲಿ ಒಂದು ಕಬ್ಬಿಣದ ಬಾಗಿಲು, ಒಂದು ಸಾಗುವಾನಿ ಬಾಗಿಲು ಬಿಸಿಲಿಗೆ ಪಕ್ಕಪಕ್ಕ ನಿಲ್ಲಿಸಿರುತ್ತೇನೆ. ಗಿರಾಕಿ ಬಂದರೆ ಎರಡರ ಮೇಲೂ ಕೈ ಇಡಿ ಅನ್ನುತ್ತೇನೆ. ಕಬ್ಬಿಣಕ್ಕೆ ಇಟ್ಟ ಕೈ ಚುರ್ ಅಂತ ವಾಪಸು ಬರುತ್ತದೆ. ಕಟ್ಟಿಗೆಯ ಮೇಲಿಟ್ಟದ್ದು ಅಲ್ಲೇ ಇರುತ್ತದೆ. ಅರ್ಧ ವ್ಯಾಪಾರ ಅಲ್ಲಿಗೆ ಮುಗಿಯಿತು. ಒಮ್ಮೆ ಜೇವರ್ಗಿಯ ಕಡೆಯ ಒಬ್ಬ ಹೈಸ್ಕೂಲ್ ಮಾಸ್ತರರು ಬಂದಿದ್ದರು. ಅವರೂ ಕೈ ಇಟ್ಟರು.

“ನೋಡ್ರಿ ಸರ್, ಕಬ್ಬಣ ಎಷ್ಟ ಕಾದದ. ಕಟಗಿ ಹೆಂಗ ತಂಪ ಅದ,” ಅಂದೆ.

“ಎರಡೂ ಹೆಚ್ಚುಕಮ್ಮಿ ಅಷ್ಟ ಕಾದಾವ್ರಿ,” ಅಂದರು ಮಾಸ್ತರರು. “ಕಬ್ಬಣ ತನ್ನ ಬಿಸಿ ಲಗೂನ ಕೈಗಿ ಕೊಡತದ. ಕಟಗಿ ಕೊಡಾಕ ಒಲ್ಲೆ ಅಂತದ. ಇಷ್ಟ ಫರಕ್.”

“ಹಂಗಾದ್ರ ಕಟಗಿ ನನ್ನಂಗ ಅದ ಅಂದಂಗಾತು.”

“ಹೌದ್ರಿ. ಚಳಿಗಾಲದಾಗ ಮುಟ್ಟಿ ನೋಡ್ರಿ, ಅದ ಕಬ್ಬಣ ನಿಮ್ಮ ಕೈಯಾಗಿನ ಬಿಸಿ ಕಸಗೊಂತದ. ಕಟಗಿ ಕೊಡಂಗೂ ಇಲ್ಲ, ತಗೊಳ್ಳಂಗೂ ಇಲ್ಲ.”

ತೆಗೆದುಕೊಳ್ಳುವುದೂ ಇಲ್ಲ ಅಂದ ಮೇಲೆ ಅದು ನನ್ನ ಹಾಗಲ್ಲ ಅನ್ನುವುದು ಖಾತ್ರಿಯಾಯಿತು. ಮಾಸ್ತರರು ಬಾಗಿಲು ಕೊಂಡರು, ಪಾಠಕ್ಕೆ ಅಂತ ಏನೂ ಮುರಿದುಕೊಳ್ಳಲಿಲ್ಲ, ನಾನೂ ಏನೂ ಬಿಡಲಿಲ್ಲ. ಅಂದಿನಿಂದ ‘ಕಟಗಿ ಕೊಡಾಕ ಒಲ್ಲೆ ಅಂತದ್ರಿ’ ಅನ್ನುವ ಮಾತು ನನ್ನ ವ್ಯಾಪಾರದ ಮಾತಿನಲ್ಲಿ ಸೇರಿಹೋಗಿದೆ. ವಿಜ್ಞಾನ ಹೇಳಿ ಮಾರಿದರೆ ಗಿರಾಕಿ ಚೌಕಾಶಿ ಕಡಿಮೆ ಮಾಡುತ್ತಾನೆ.

ಮುಟ್ಟಿದರೆ ದಾಟುವ ಬಿಸಿಯ ಬಗ್ಗೆ ನನಗೆ ಅದಕ್ಕೂ ಮೊದಲು ಪಾಠ ಹೇಳಿದ್ದು ಗಾಣಗಾಪುರದ ಒಬ್ಬ ಲಾಡ್ಜಿನ ಮಾಲಕ. ಬೇಸಿಗೆಯ ಮಧ್ಯಾಹ್ನ, ಅವನಿಗೆ ನಾಲ್ಕು ಹಳೆ ಬಾಗಿಲು ಮಾರಲು ಹೋಗಿದ್ದೆ. ದತ್ತನ ದರ್ಶನಕ್ಕೆಂದು ಚಪ್ಪಲಿ ಬಿಟ್ಟು ಬಂದವನು ಹಾಗೇ ಅವನ ಅಂಗಳಕ್ಕೆ ಹೋಗಿ ಮಾತಿಗೆ ನಿಂತೆ. ಅವನು ಪಡಸಾಲೆಯ ನೆರಳಿನಲ್ಲಿ, ನಾನು ಅಂಗಳದ ಕಾದ ಫರಸಿಗಲ್ಲಿನ ಮೇಲೆ. ನಾನು ಬೆಲೆ ಹೇಳಿ ಎಡಗಾಲು ಎತ್ತಿದೆ. ಅವನು ನಿಧಾನಕ್ಕೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಅರ್ಧ ಬೆಲೆ ಹೇಳಿದ. ನಾನು ಬಲಗಾಲು ಎತ್ತಿದೆ. ಹೀಗೆ ಕುಣಿಯುತ್ತ ನಡೆದ ಸೌದಾದಲ್ಲಿ ನಾನು ಪ್ರತಿ ಹೆಜ್ಜೆಗೂ ಸ್ವಲ್ಪ ಸ್ವಲ್ಪ ಇಳಿದು, ಕೊನೆಗೆ ಅವನು ಹೇಳಿದ್ದಕ್ಕೇ ಒಪ್ಪಿ ನೆರಳಿಗೆ ಓಡಿದೆ. ಅಂದಿನಿಂದ ಬೇಸಿಗೆಯಲ್ಲಿ ಮಾತುಕತೆಗೆ ಕೂರುವಾಗ ನೆರಳು ಯಾವ ಕಡೆಗೆ ಸರಿಯುತ್ತದೆ ಅನ್ನುವುದನ್ನು ಮೊದಲು ನೋಡಿ, ಆಮೇಲೆ ಎದುರಿನವರಿಗೆ “ಬರ್ರಿ, ಆರಾಮ ಕುಂದರ್ರಿ” ಅನ್ನುತ್ತೇನೆ.

ಇದನ್ನೇ ಹೇಳುತ್ತ ಹೋದರೆ ಚಹಾದ ಬಶಿಯ ವಿಷಯವೂ ಬರುತ್ತದೆ. ಕಪ್ಪಿನಿಂದ ಬಶಿಗೆ ಸುರಿದು, ಅಗಲವಾದ ಚಹಾದ ಮೇಲೆ ಉಸಿರು ಬಿಡುತ್ತ ಕೂರುವಷ್ಟು ಹೊತ್ತು ಯಾರೂ ನಮ್ಮನ್ನು ಉತ್ತರ ಕೇಳುವಂತಿರಲಿಲ್ಲ. ನನ್ನ ಒಳ್ಳೊಳ್ಳೆ ಖರೀದಿಗಳೆಲ್ಲ ಬಶಿಯ ಮೇಲೆ ಊದುತ್ತ ಹೊಳೆದವು. ಈಗ ಕಾಗದದ ಲೋಟ ಬಂದಿದೆ; ಬೆರಳು ಸುಡುತ್ತದೆ, ಚಹಾ ಆರುವುದಿಲ್ಲ, ಯೋಚನೆಯೂ ಹುಟ್ಟುವುದಿಲ್ಲ. ಆದರೆ ನಾನು ಅಕ್ಕನ ಮಾತು ಹೇಳಬೇಕಿತ್ತು.

ನಾವು ನರೋಣಾದವರು. ನಮ್ಮ ಮನೆಯೂ ಮಣ್ಣಿನ ಮಾಳಿಗೆಯದೇ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ತೊಗರಿ ಕಟ್ಟಿಗೆ, ಬೇವಿನ ತಪ್ಪಲು, ಎಲ್ಲದರ ಮೇಲೆ ಮೊಳ ದಪ್ಪದ ಮಣ್ಣು. ಹೊರಗೆ ಬಿಸಿಲು ಎಷ್ಟೇ ಬಡಿದರೂ ಅದು ಆ ಮಣ್ಣಿನೊಳಗೆ ದಾರಿ ಹುಡುಕುತ್ತ ಹುಡುಕುತ್ತ ಸಂಜೆಯಾಗಿಬಿಡುತ್ತಿತ್ತು. ನಡುಮನೆಯ ಮೇಲೊಂದು ಬೆಳಕಿಂಡಿ. ಬೆಳಕಿಂಡಿ ಅಂದರೆ ಮತ್ತೇನಲ್ಲ, ನಡುವೆ ಗುಂಡಗೆ ತೂತು ಕೊರೆದ ಒಂದು ಫರಸಿ ಕಲ್ಲು. ಮಳೆ ಬಂದರೆ ಅವ್ವ ಮೇಲೆ ಹತ್ತಿ ಒಡೆದ ಗಡಿಗೆಯೊಂದನ್ನು ಅದರ ಮೇಲೆ ಬೋರಲು ಹಾಕುತ್ತಿದ್ದಳು. ಬೇಸಿಗೆಯಲ್ಲಿ ಆ ತೂತಿನಿಂದ ರೊಟ್ಟಿಯಷ್ಟಗಲದ ಬಿಸಿಲು ನೆಲಕ್ಕೆ ಬಿದ್ದು, ಮೆಲ್ಲಗೆ ಸರಿಯುತ್ತ ಬೀಸುವ ಕಲ್ಲಿನ ಹತ್ತಿರ ಬಂದರೆ ಅವ್ವ ಹಿಟ್ಟು ನಾದಲು ಕೂರುವಳು. ಅಲ್ಲಿಯವರೆಗೆ ಆ ಬಿಸಿಲು ನಮ್ಮಿಬ್ಬರ ಆಸ್ತಿ. ನಾನು ಒಂದು ಹಿಡಿ ಬೂದಿ ತೂರುವುದು, ಅದು ಬೆಳಕಿನ ಕೋಲಿನೊಳಗೆ ತಿರುಗುತ್ತ ಮೇಲಕ್ಕೇರುವುದು. ನನಗಿಂತ ದೊಡ್ಡವಳಾದ ನೀಲಕ್ಕ ಮಲಗಿಕೊಂಡೇ ಹೇಳುವಳು:

“ನೋಡಲೇ, ಮನ್ಯಾಗಿನ ಧಗಿ ಎಲ್ಲಾ ಮೂಟಿ ಕಟಗೊಂಡು ಹೊಂಟದ.”

“ಎಲ್ಲಿಗಿ?”

“ಅದಕ್ಕೇನು ಊರಿಲ್ಲೇನು? ಅದರ ಊರಿಗಿ.”

ಅಪ್ಪ ಅವ್ವ ಹೋದ ಮೇಲೆ ಒಂದು ಜಡಿಮಳೆಗೆ ಆ ಮನೆ ಕುಸಿದು ಕೂತುಬಿಟ್ಟಿತು. ನೀಲಕ್ಕ ಆಗಲೇ ಮಣ್ಣೂರಿಗೆ ಮದುವೆಯಾಗಿ ಹೋಗಿದ್ದಳು. ಇಬ್ಬರೂ ಕೂಡಿ ತೊಲೆ, ಕಂಬ, ಬಾಗಿಲು ಮಾರಿದೆವು. ನನ್ನ ಪಾಲಿಗೆ ಬಂದದ್ದೇ ನನ್ನ ಮೊದಲ ಬಂಡವಾಳ. ಕೊಂಡವನು ಎಲ್ಲ ಒಯ್ದು ಆ ಕಲ್ಲನ್ನು ಬಿಟ್ಟುಹೋದ. “ತೂತ ಬಿದ್ದ ಕಲ್ಲ ಯಾರ ತಗೋತಾರೋ ತಮ್ಮಾ,” ಅಂದ. ವ್ಯಾಪಾರದ ಮೊದಲ ಪಾಠ ಅಂತ ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ನೀಲಕ್ಕ ಕಲ್ಲನ್ನೇ ಇಟ್ಟುಕೊಂಡಳು. ಮಣ್ಣೂರಿನ ಮನೆಯ ಮಾಳಿಗೆಗೆ ಕೂರಿಸುತ್ತೇನೆ ಅಂತ ಬಸ್ಸಿಗೆ ಹೇರಿದಳು. ಕಂಡಕ್ಟರ್ ಲಗೇಜಿನ ಟಿಕೆಟು ಕೇಳಿದಾಗ, “ಟಿಕೇಟ ಹರಿ, ಆದ್ರ ನಡುವಿನ ತೂತಿಂದು ತೂಕ ಹಿಡೀಬ್ಯಾಡ,” ಅಂದಳಂತೆ. ಇದನ್ನು ಕೇಳಿ ನಾನು ನಕ್ಕಿದ್ದೆ. ತೂತು ಸಾಗಿಸಲು ಬಸ್ ಚಾರ್ಜು ಕೊಡುವವಳು ಇವಳೊಬ್ಬಳೇ ಅಂದಿದ್ದೆ.

ಈ ವರ್ಷ ಅವಳ ಮಗ ಸಿದ್ದಣ್ಣ ನನ್ನ ಅಡ್ಡೆಗೆ ಬಂದ. ಮಣ್ಣೂರಿನಲ್ಲೇ ಇದ್ದು ಕಬ್ಬು ಬೆಳೆಯುವವನು, ಕೈಯಲ್ಲಿ ನಾಲ್ಕು ಕಾಸು ಆಡುವ ಹುಡುಗ.

“ಮಾಮಾ, ಹಳಿ ಮನಿ ಬಿಚ್ಚಿ ಸ್ಲ್ಯಾಬ್ ಹಾಕಸಬೇಕಂತ ಮಾಡೇನಿ. ಅವ್ವ ಒಲ್ಲೆ ಅನ್ನಾಕತ್ತಾಳ. ನೀವರೇ ಹೇಳ್ರಿ.”

ಹೇಳಲು ನನಗೆ ಎರಡು ಕಾರಣ ಇದ್ದವು. ಮೊದಲನೆಯದು, ಸ್ಲ್ಯಾಬು ನಿಜವಾಗಿಯೂ ಒಳ್ಳೆಯದು. ವರ್ಷಕ್ಕೊಮ್ಮೆ ಮಣ್ಣು ಹಾಕುವ ಗೋಳಿಲ್ಲ, ಮಳೆಗಾಲದಲ್ಲಿ ಸೋರುವಲ್ಲಿ ಪಾತ್ರೆ ಇಡುವ ಗೋಳಿಲ್ಲ, ಉಣ್ಣುವ ತಾಟಿಗೆ ಚೇಳು ಬೀಳುವುದಿಲ್ಲ. ಇದನ್ನು ನಾನು ಈಗಲೂ ಹೇಳುತ್ತೇನೆ. ಎರಡನೆಯ ಕಾರಣ ಆ ತೊಲೆಗಳು. ಬೇರೆಯವರ ಕೈಗೆ ಹೋಗುವ ಬದಲು ತಮ್ಮನ ಕೈಗೆ ಬಂದರೆ ಮನೆತನದಲ್ಲೇ ಉಳಿದಂತೆ, ಅಲ್ಲಿಂದ ಮುಂದೆ ಗಿರಾಕಿಗೆ ಹೋಗುವವರೆಗೆ.

ಮಣ್ಣೂರಿಗೆ ಹೋಗಿ ಅಕ್ಕನ ಮುಂದೆ ಕೂತು ಸ್ಲ್ಯಾಬಿನ ಗುಣಗಾನ ಮಾಡಿದೆ. ಅವಳು ಶೇಂಗಾ ಸುಲಿಯುತ್ತ ಎಲ್ಲ ಕೇಳಿದಳು.

“ಇಷ್ಟ ಛಲೋ ಇದ್ದರ ಒಂದ ಕೆಲಸ ಮಾಡೂಣು,” ಅಂದಳು. “ಈ ಬ್ಯಾಸಗ್ಯಾಗ ಒಂದ ವಾರ ನಿನ್ನ ಮನ್ಯಾಗ ಇರ್ತೇನಿ. ನಿದ್ದಿ ಬಂತಂದ್ರ ಬಿಚ್ಚರಿ, ನಾನಾ ಮದಲ ಗುದ್ದಲಿ ಹಾಕ್ತೇನಿ. ಬರಲಿಲ್ಲಂದ್ರ ನಾ ಇರೂತನಾ ನಡುಮನಿಗಿ ಯಾರೂ ಕೈ ಹಚ್ಚಬ್ಯಾಡ್ರಿ.”

ಸಿದ್ದಣ್ಣ ನನ್ನ ಮುಖ ನೋಡಿದ. “ಸೌದಾ ಪಕ್ಕಾ,” ಅಂದೆ ನಾನು.

ಮನೆಗೆ ಬರುವವರೆಗೂ ಖುಷಿಯಾಗಿದ್ದೆ. ಬಂದ ಮೇಲೆ ನನ್ನ ಹೆಂಡತಿ ಮಹಾದೇವಿ ಕೇಳಿದಳು: “ನಮಗಾ ಬ್ಯಾಸಗ್ಯಾಗ ನಿದ್ದಿ ಬರಂಗಿಲ್ಲ. ಅಕ್ಕಾರಿಗೆಂಗ ಬರಬೇಕು?”

ಹೀಗಾಗಿ ಕೂಲರ್ ಬಂತು. ನಾನು ಯುಗಾದಿಯಲ್ಲಿ ಕಂಬಳಿ ಕೊಳ್ಳುವವನು, ದೀಪಾವಳಿಯಲ್ಲಿ ಛತ್ರಿ ಕೊಳ್ಳುವವನು. ಅಂಥವನು ಮೇ ತಿಂಗಳ ನಡುಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತ ಕೂಲರ್ ಅಂಗಡಿಗೆ ಹೋದರೆ ಅಂಗಡಿಯವನಿಗೆ ಮತ್ತೇನು ಬೇಕು? ಅವನು ನೆರಳಿನಲ್ಲಿ, ನಾನು ಬಿಸಿಲಿನಲ್ಲಿ. ಗಾಣಗಾಪುರದ ಕುಣಿತವೇ ಮತ್ತೊಮ್ಮೆ. ಎಷ್ಟು ಕೊಟ್ಟೆ ಅನ್ನುವುದನ್ನು ಬರೆಯುವುದಿಲ್ಲ. ಆ ಅಂಗಡಿಯವನು ಓದಿದರೆ ಮತ್ತೆ ನಗುತ್ತಾನೆ.

ಇಷ್ಟು ರೊಕ್ಕ ಕೊಟ್ಟು ತಂದ ತಂಪನ್ನು ಕಾಯ್ದುಕೊಳ್ಳಬೇಕೋ ಬೇಡವೋ, ನೀವೇ ಹೇಳಿ. ಅಕ್ಕ ಬಂದ ದಿನ ಕೂಲರನ್ನು ಕೋಣೆಯೊಳಗೆ ಇಟ್ಟು, ಕಿಟಕಿಗಳನ್ನು ಚಿಲಕ ಹಾಕಿ ಮುಚ್ಚಿದೆ. ಕಿಟಕಿಯ ಸಂದಿಗೆ ಹಳೆ ಧೋತರದ ಚೂರು ತುರುಕಿದೆ. ಬಾಗಿಲ ಬುಡಕ್ಕೆ ಗೋಣಿಚೀಲ ಹಾಸಿದೆ. ಗೋಡೆಯಲ್ಲಿ ಕಿಂಡಿ ಇಲ್ಲದ್ದಕ್ಕೆ ನನ್ನ ಮುಂದಾಲೋಚನೆಯನ್ನು ನಾನೇ ಮೆಚ್ಚಿಕೊಂಡೆ. ನನ್ನ ಕಾಸಿನ ತಂಪಿನಲ್ಲಿ ಒಂದು ಬೊಗಸೆಯೂ ಓಣಿಯ ಪಾಲಾಗಬಾರದು.

ಮೊದಲ ಸ್ವಲ್ಪ ಹೊತ್ತು ಸ್ವರ್ಗ. ಅಕ್ಕ, “ಹಾಂ, ಛಲೋ ಅದನೋ,” ಅಂದಳು. ನಾನು ಮನಸ್ಸಿನಲ್ಲೇ ಮೊದಲ ತೊಲೆ ಇಳಿಸಿದೆ. ಆಮೇಲೆ ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳತೊಡಗಿದಳು. ಗಾಳಿಯೇನೋ ಬರುತ್ತಿತ್ತು, ಒದ್ದೆ ಅರಿವೆಯಿಂದ ಮುಖಕ್ಕೆ ಹೊಡೆದ ಹಾಗೆ. ನನ್ನ ಅಂಗಿ ಬೆನ್ನಿಗೆ ಅಂಟಿತು. ನೀರು ಹೆಚ್ಚು ಹಾಕಿದರೆ ತಂಪು ಹೆಚ್ಚು ಅಂತ ಇನ್ನೊಂದು ಕೊಡ ಸುರಿದೆ.

“ತಮ್ಮಾ,” ಅಂದಳು ಅಕ್ಕ, “ಕಡಬು ಕುದಿಸೂ ಮುಂದ ಗಡಿಗಿ ಬಾಯಿಗಿ ಅರಿವಿ ಕಟ್ಟಿ ಮುಚ್ಚತಾರ ನೋಡು, ಹಂಗ ಮಾಡೀಯಲ್ಲೋ ನನಗ.”

ಅಷ್ಟರಲ್ಲಿ ಮಹಾದೇವಿ ಮೂಲೆಯ ಡಬ್ಬಿ ತೆರೆದಳು. ವಾರವೆಲ್ಲ ಬಿಸಿಲಿಗೆ ಒಣಗಿಸಿದ ಶಾವಿಗೆ ಮೆತ್ತಗಾಗಿ ಒಂದಕ್ಕೊಂದು ಹೆಣೆದುಕೊಂಡಿತ್ತು.

“ಇದನ್ನ ನೋಡ್ರಿ,” ಅಂದಳು. “ಇನ್ನೊಂದೀಟು ಹೊತ್ತ ಬಿಟ್ರ ಪಾಯಸಾನೇ ಆಗ್ತಿತ್ತು.”

ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಗೋಣಿಚೀಲವನ್ನು ಕಾಲಿನಿಂದ ಸರಿಸಿ, ಬಾಗಿಲನ್ನು ಮೊಣಕೈಯಿಂದ ನೂಕಿ ತೆರೆದಳು. ಆ ಗಳಿಗೆಯಲ್ಲಿ ಕೋಣೆ ಉಸಿರು ಬಿಟ್ಟಿತು. ಒದ್ದೆ ಗಾಳಿ ಅವಳ ಸೆರಗು ಹಾರಿಸುತ್ತ ಹೊರಗೆ ಹೋಯಿತು, ಹಿಂದಿನಿಂದ ಕೂಲರಿನ ಗಾಳಿ ಹಗುರವಾಗಿ, ತಣ್ಣಗೆ ಬಂತು.

“ಹಂಗ ನಿಂದ್ರ ಬೇ ಮಾದೇವಿ. ಬಾಗಲಾ ಮುಚ್ಚಬ್ಯಾಡ,” ಅಂದಳು ಅಕ್ಕ.

“ಥಂಡೆಲ್ಲಾ ಹೊರಗ ಹೋಗಾಕತ್ತದಕ್ಕಾ,” ಅಂದೆ ನಾನು.

“ಹೋಗಲಿ ಬಿಡು. ಹ್ವಾದ್ರ ತಾನ ಮತ್ತೊಂದು ಬರೂದು. ನೀ ಹಳೇ ಮಾಲ ಕೂಡಿಟಗೊಂಡು ಕುಂತ್ರ ಹೊಸಾದು ಎಲ್ಲಿ ಹಿಡೀತದ?”

ಹಳೆ ಮಾಲಿನ ವ್ಯಾಪಾರಿಗೆ ಹೇಳುವ ಮಾತೇ ಇದು? ಆದರೆ ಅಕ್ಕನ ನಿದ್ದೆಯ ಮೇಲೆ ನನ್ನ ತೊಲೆಗಳು ನಿಂತಿದ್ದವು. ಕೂಲರನ್ನು ಒಂದು ಕಡೆಯ ಕಿಟಕಿಗೆ ಹೊರಗಾಳಿ ಎಳೆಯುವಂತೆ ಕೂರಿಸಿದೆ, ಎದುರಿನ ಬಾಗಿಲು ತೆರೆದಿಟ್ಟೆ. ಕೋಣೆ ನಿಜಕ್ಕೂ ತಂಪಾಯಿತು. ಆ ಬಾಗಿಲಿನಿಂದ ಹೊರಗೆ ಹೋಗುವ ತಂಪಿಗೆ ಪಕ್ಕದ ಮನೆಯ ನಾಯಿ ಬಂದು ಕಾಲು ಚಾಚಿ ಮಲಗಿತು. ಅದು ನಮ್ಮನ್ನು ಕಂಡರೆ ಬೊಗಳುವ ನಾಯಿ. ಈಗ ಕಣ್ಣು ಕೂಡ ತೆರೆಯಲಿಲ್ಲ. ನಾನು ಹೊಸ್ತಿಲಲ್ಲಿ ಕೂತು, ನನ್ನ ಕರೆಂಟು, ನನ್ನ ನೀರು, ನನ್ನ ಕೂಲರು ಹೇಗೆ ಆ ನಾಯಿಯ ಹೊಟ್ಟೆಯ ಮೇಲೆ ಹಾಯ್ದು ಹೋಗುತ್ತಿವೆ ಅಂತ ನೋಡುತ್ತಿದ್ದೆ. ಓಡಿಸಲು ಎರಡು ಸಲ ಎದ್ದೆ, ಎರಡು ಸಲವೂ ಅಕ್ಕ, “ಅದು ಮಲಗಿದ್ದಕ್ಕ ನಿನಗೇನ ಕಮ್ಮಿ ಬಿತ್ತು?” ಅಂದಳು. ಲೆಕ್ಕ ಹಾಕಿ ನೋಡಿದೆ. ಕಮ್ಮಿ ಏನೂ ಬಿದ್ದಿರಲಿಲ್ಲ. ಆದರೂ ಹೊಟ್ಟೆ ಉರಿಯುತ್ತಿತ್ತು, ಆ ಉರಿ ಯಾವ ಕೂಲರಿಗೂ ಬಗ್ಗುವಂಥದ್ದಲ್ಲ.

ಮಧ್ಯಾಹ್ನಗಳು ಚೆನ್ನಾಗಿ ಕಳೆದವು. ಸಂಜೆಯಾದರೆ ಅಕ್ಕ ಊಟ ಮುಗಿಸಿ ಅಂಗಳಕ್ಕೆ ಹೋಗುವಳು, ಕೋಣೆಗೆ ಬರಲು ಸತಾಯಿಸುವಳು. ಕೂಲರಿನ ಸಪ್ಪಳ ಕಿವಿಗೆ ಬಡಿಯುತ್ತದೆ ಅನ್ನುವಳು. ಆದರೂ ಬಂದು ಅಡ್ಡಾಗುತ್ತಿದ್ದಳು, ನಿದ್ದೆ ಬಂತೋ ಇಲ್ಲವೋ ಹೇಳುತ್ತಿರಲಿಲ್ಲ. ವಾರದ ಕೊನೆಯ ಸಂಜೆಗೆ ಸಿದ್ದಣ್ಣ ತೀರ್ಪು ಕೇಳಲು ಮಣ್ಣೂರಿನಿಂದ ಬಂದ. ಮಹಾದೇವಿ ಜುನಕ, ಬಿಸಿ ರೊಟ್ಟಿ ಮಾಡಿದ್ದಳು. ಎಲ್ಲರೂ ಅದೇ ಕೋಣೆಯಲ್ಲಿ ಉಣ್ಣಲು ಕೂತೆವು. ಎರಡನೆಯ ರೊಟ್ಟಿಗೆ ಕರೆಂಟು ಹೋಯಿತು.

ಕೂಲರಿನ ಸಪ್ಪಳ ನಿಂತಿತು. ನಾಯಿ ಎದ್ದು ಹೋಯಿತು. ಹೊರಗೆ ಆಗಲೇ ತಂಗಾಳಿ ಸುಳಿಯುತ್ತಿತ್ತು, ಒಳಗೆ ಮಾತ್ರ ಯಾರೋ ತಲೆಯ ಮೇಲೆ ಕೂತು ಊದಿದಂತೆ ಝಳ. ಸಿದ್ದಣ್ಣ ಅಂಗಿಯ ಗುಂಡಿ ಬಿಚ್ಚಿದ.

“ಗಾಳಿ ಇಲ್ಲ, ಉರಿ ಇಲ್ಲ. ಈ ಝಳ ಎಲ್ಲಿಂದ ಬರಾಕತ್ತದ?” ಅಂದ.

ಅಕ್ಕ ಕೈ ತೊಳೆದುಕೊಂಡು ಎದ್ದು ನಿಂತಳು. ಅಂಗೈಯನ್ನು ಮೇಲಕ್ಕೆ ಮಾಡಿ, ಛತ್ತಿಗೆ ಮುಟ್ಟದೆ ಹಾಗೇ ಹಿಡಿದಳು. “ತಮ್ಮಾ, ನೀನೂ ಹಿಂಗ ಹಿಡಿ.”

ಹಿಡಿದೆ. ರೊಟ್ಟಿ ಹಾಕುವ ಮೊದಲು ಅವ್ವ ಹಂಚು ಕಾದಿದೆಯೋ ಅಂತ ಅದರ ಮೇಲೆ ಗಾಳಿಯಲ್ಲೇ ಅಂಗೈ ಹಿಡಿದು ನೋಡುತ್ತಿದ್ದಳು. ಅದೇ ಝಳ, ಮೇಲಿನಿಂದ ಕೆಳಕ್ಕೆ. ಮುಟ್ಟಿಲ್ಲ, ಗಾಳಿ ಹೊತ್ತು ತಂದಿಲ್ಲ, ಆದರೂ ಬರುತ್ತಿತ್ತು. ಹಗಲೆಲ್ಲ ಸ್ಲ್ಯಾಬು ನುಂಗಿದ ಬಿಸಿಲನ್ನು ಈಗ ನಮ್ಮ ನೆತ್ತಿಯ ಮೇಲೆ ಬಿಚ್ಚುತ್ತಿತ್ತು.

“ನಿನ್ನ ಮನ್ಯಾಗ ಹಂಚ ಮ್ಯಾಲ ಅದ, ರೊಟ್ಟಿ ಕೆಳಗ ಕುಂತಾವ,” ಅಂದಳು ಅಕ್ಕ.

“ಕರೆಂಟ ಬಂದ್ರ ಎಲ್ಲಾ ಸರಿ ಆಗತದಕ್ಕಾ.”

“ನನ್ನ ಮಾಳಗಿಗಿ ಕರೆಂಟ ಬೇಕಾಗಂಗಿಲ್ಲ.”

“ಅವ್ವಾ, ಮಳಿಗಾಲದಾಗ ಸೋರತದಲ್ಲ,” ಅಂದ ಸಿದ್ದಣ್ಣ, “ಅವಾಗ ಗಂಗಾಳ ಇಡಾಕ ಯಾರ ಏಳೂದು?”

“ನೀ ಏಳು. ಹುಡುಗ ಇದ್ದೀದಿ. ಅಷ್ಟೂ ಬ್ಯಾಸರ ಅದ ಅಂದ್ರ ಹಿತ್ತಲದಾಗ ಮಳಿಗಾಲಕ್ಕಂತ ಒಂದ ಸ್ಲ್ಯಾಬಿನ ಖೋಲಿ ಕಟ್ಟಕೋ, ಯಾರ ಬ್ಯಾಡಂತಾರ? ನಡುಮನಿಗಿ ಕೈ ಹಚ್ಚಬ್ಯಾಡ. ಇಲ್ಲಿ ಒಂದ ರಾತ್ರಿನೂ ನನಗ ನಿದ್ದಿ ಹತ್ತಿಲ್ಲ, ಮಾತ ಮಾತ ಅದ.”

ಸಿದ್ದಣ್ಣ ನನ್ನ ಕಡೆ ನೋಡಿದ. ಒಂದು ವಾರದ ಹಿಂದೆ ‘ಸೌದಾ ಪಕ್ಕಾ’ ಅಂದವನು ನಾನೇ. ತಾಟು ಎತ್ತಿಕೊಂಡು ಎಲ್ಲರೂ ಅಂಗಳಕ್ಕೆ ಹೋದೆವು. ಉಳಿದ ರೊಟ್ಟಿಯನ್ನು ಅಲ್ಲಿ ತಿಂದೆವು.

ಮರುದಿನ ಅಕ್ಕನನ್ನು ಬಿಡಲು ಮಣ್ಣೂರಿಗೆ ಹೋದೆ. ನಡುಮಧ್ಯಾಹ್ನ. ಹೊಳೆಯ ಕಡೆಯಿಂದಲೂ ಬಿಸಿ ಗಾಳಿಯೇ ಬೀಸುತ್ತಿತ್ತು. ತಲೆಬಾಗಿಲು ದಾಟಿ ನಡುಮನೆಗೆ ಕಾಲಿಟ್ಟವನು ಅಭ್ಯಾಸದಂತೆ ತಲೆಯೆತ್ತಿ ತೊಲೆ ನೋಡಬೇಕಿತ್ತು. ಮೊದಲು ಕೂತೆ. ಕೂತವನು ಗೋಡೆಗೆ ಒರಗಿದೆ. ಗೋಡೆ ತಣ್ಣಗೆ ಬೆನ್ನಿಗೆ ಹತ್ತಿತು. ಮೇಲೆ ನರೋಣಾದ ಕಲ್ಲು, ಅದರ ತೂತಿನಿಂದ ನೆಲದ ಮೇಲೆ ರೊಟ್ಟಿಯಷ್ಟಗಲದ ಬಿಸಿಲು. ಒಲೆಯ ಹೊಗೆಯ ಒಂದು ಎಳೆ ಆ ಬೆಳಕಿನಲ್ಲಿ ತಿರುಗುತ್ತ ತನ್ನ ಊರಿಗೆ ಹೊರಟಿತ್ತು.

ಅಕ್ಕ ಮಜ್ಜಿಗೆ ಕೊಟ್ಟಳು. ಕುಡಿದ ಮೇಲೆ ಬುದ್ಧಿ ತನ್ನ ಜಾಗಕ್ಕೆ ಬಂತು. ಕೊನೆಯ ಪ್ರಯತ್ನ ಮಾಡದೆ ಎದ್ದು ಬಂದರೆ ನಾನು ವ್ಯಾಪಾರಿಯಲ್ಲ.

“ಅಕ್ಕಾ, ಜೇವರ್ಗಿದಾಗ ಒಬ್ಬ ಗಿರಾಕಿ ಇದ್ದಾನ. ಇಂಥಾ ಮಾಲ ಹುಡಕ್ಯಾಡಾಕತ್ತಾನ. ಸುಮ್ಮ ಒಂದ ಮಾತ ಕೇಳತೇನಿ.”

“ಕೇಳು. ತೊಲಿಗಿ ಎಷ್ಟ ಕೊಡ್ತಿ?”

ಹೇಳಿದೆ. ಒಳ್ಳೆಯ ಬೆಲೆಯನ್ನೇ ಹೇಳಿದೆ.

“ಕಂಬಕ್ಕ?”

ಅದನ್ನೂ ಹೇಳಿದೆ.

“ತಲಬಾಗಲಕ್ಕ?”

ಅದಕ್ಕೆ ನಾನು ಹೊರಗಿನವರಿಗೆ ಎಂದೂ ಹೇಳದ ಬೆಲೆ ಹೇಳಿದೆ. ಅಕ್ಕ ತಲೆದೂಗಿದಳು. ಆಮೇಲೆ ಗಲ್ಲ ಮೇಲೆತ್ತಿ ಬೆಳಕಿಂಡಿ ತೋರಿಸಿದಳು.

“ಆ ತೂತಿಗಿ?”

ನಾನು ನಕ್ಕೆ. “ತೂತಿಗಿ ಯಾರ ರೇಟ ಹಚ್ಚತಾರಕ್ಕಾ.”

“ಹಂಗಾರ ನಿನ್ನ ಲೆಕ್ಕ ಇನ್ನಾ ಪೂರಾ ಆಗಿಲ್ಲ,” ಅಂದಳು, ಮಜ್ಜಿಗೆಯ ಗಿಂಡಿ ಎತ್ತಿಕೊಳ್ಳುತ್ತ. “ಪೂರಾ ಮಾಡಕೊಂಡು ಬಾ. ಅವಾಗ ಮಾತಾಡೂಣು.”

ಇಷ್ಟು ವರ್ಷದ ವ್ಯಾಪಾರದಲ್ಲಿ ಬೆಲೆ ಹೆಚ್ಚಾಯಿತು ಅಂತ ಎದ್ದು ಬಂದಿದ್ದೇನೆ, ಕಡಿಮೆಯಾಯಿತು ಅಂತ ನನ್ನನ್ನು ಎಬ್ಬಿಸಿ ಕಳಿಸಿದ್ದಾರೆ. ಬೆಲೆಯೇ ಗೊತ್ತಿಲ್ಲದೆ ಎದ್ದು ಬಂದದ್ದು ಅದೇ ಮೊದಲು. ಆಳಂದಕ್ಕೆ ಬಂದವನೇ ಗೌಂಡಿಗೆ ಫೋನ್ ಮಾಡಿದೆ. ಅವನು ಬಂದು ಛತ್ತಿನ ಬುಡಕ್ಕೆ, ಎದುರುಬದುರು ಗೋಡೆಯಲ್ಲಿ, ಒಂದೊಂದು ತೂತು ಹೊಡೆದ. ಆ ಸಂಜೆ ಕೆಳಗಿನ ಕಿಟಕಿ ತೆರೆದು ಕೂತೆವು. ಸ್ಲ್ಯಾಬಿನ ಝಳ ಪೂರ್ತಿ ಹೋಗಲಿಲ್ಲ. ಹೋಗುತ್ತದೆ ಅಂತ ನಿಮಗೆ ಸುಳ್ಳು ಹೇಳುವುದಿಲ್ಲ. ಆದರೆ ತಲೆಯ ಮೇಲೆ ಕಟ್ಟಿಕೊಂಡು ನಿಲ್ಲುತ್ತಿದ್ದ ಕಾದ ಗಾಳಿ ಆ ತೂತುಗಳಿಂದ ಜಾಗ ಖಾಲಿ ಮಾಡಿತು. ಮಹಾದೇವಿ ಕೋಣೆಯೊಳಗೇ ಊಟಕ್ಕೆ ತಾಟು ಹಾಕಿದಳು. ಅವಳ ಕಡೆಯಿಂದ ಅದು ಮೆಚ್ಚುಗೆ.

ಅಕ್ಕನಿಗೆ ಫೋನ್ ಹಚ್ಚಿದೆ. “ಅಕ್ಕಾ, ತೂತಿನ ರೇಟ ಗೊತ್ತಾತು. ಒಂದಕ್ಕ ಎರಡ ಸಾವಿರ.”

“ಅದು ಗ್ವಾಡಿ ತೂತಿಂದು,” ಅಂದಳು. “ಮಾಳಗಿ ತೂತಿಂದು ಬ್ಯಾರೆ.”

ತೊಲೆಗಳು ಅಲ್ಲೇ ಇವೆ. ಸಿದ್ದಣ್ಣ ಹಿತ್ತಲಲ್ಲಿ ಖೋಲಿಗೆ ಪಾಯ ತೆಗೆಸಿದ್ದಾನೆ.

ನೀವು ಈಗ ನನ್ನ ಮಾತು ಕೇಳಿ. ಕೂಲರ್ ಕೊಳ್ಳುವುದಿದ್ದರೆ ಮಳೆಗಾಲದಲ್ಲಿ ಕೊಳ್ಳಿ, ಅಂಗಡಿಯವನು ನೊಣ ಹೊಡೆಯುತ್ತ ಕೂತಿರುವಾಗ. ಮೇ ತಿಂಗಳಲ್ಲೇ ಹೋಗಬೇಕಾದರೆ ಅವನ ನೆರಳಿಗೆ ಮೊದಲು ಹೋಗಿ ಕೂತು ಆಮೇಲೆ ಬಾಯಿ ಬಿಡಿ. ತಂದ ಕೂಲರನ್ನು ಕಿಟಕಿಗೆ ಹಚ್ಚಿ, ಎದುರಿನ ಕಡೆ ತೆರೆದಿಡಿ, ನೆರೆಮನೆಯ ನಾಯಿ ಬಂದು ಮಲಗಿದರೆ ಗಾಳಿ ಸರಿಯಾಗಿ ಆಡುತ್ತಿದೆ ಅಂತ ತಿಳಿಯಿರಿ. ಅದು ಖರ್ಚಿಲ್ಲದ ಪರೀಕ್ಷೆ. ಶಾವಿಗೆಯ ಡಬ್ಬಿಯನ್ನು ಬೇರೆ ಕೋಣೆಗೆ ಸಾಗಿಸಿ. ಸ್ಲ್ಯಾಬಿನ ಮೇಲೆ ಬೇಸಿಗೆಗೆ ಮುಂಚೆ ಸುಣ್ಣ ಬಳಿಸಿ. ಬಿಳಿ ಛತ್ತು ಬಿಸಿಲನ್ನು ಅಷ್ಟು ನುಂಗುವುದಿಲ್ಲ, ಸುಣ್ಣ ಸಸ್ತಾ. ಮನೆ ಕಟ್ಟುವಾಗ ಗೌಂಡಿ ಕಿಂಡಿ ಬಿಡುತ್ತೇನೆ ಅಂದರೆ ಬಿಡಲಿ, ಚೌಕಾಶಿಯನ್ನು ಸಿಮೆಂಟಿನ ಮೇಲೆ ಮಾಡಿ.

ಇನ್ನು ನಿಮ್ಮದೊಂದು ಮಾಳಿಗೆ ಮನೆ ಇದ್ದು, ಅದನ್ನು ಕೆಡವುವ ಯೋಚನೆ ಬಂದಿದ್ದರೆ, ನಾನು ಆಗಲೇ ದಾರಿಯಲ್ಲಿದ್ದೇನೆ ಅಂತ ತಿಳಿದುಕೊಳ್ಳಿ. ನಾನು ಬರುವ ಮೊದಲು ಬೇಸಿಗೆಯ ಒಂದು ಮಧ್ಯಾಹ್ನ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿ ನೋಡಿ. ಎದ್ದ ಮೇಲೂ ಮಾರಬೇಕು ಅನ್ನಿಸಿದರೆ ಕೂತು ಮಾತಾಡೋಣ. ತೊಲೆಗೆ, ಕಂಬಕ್ಕೆ ನಾನು ಹೇಳುವುದೇ ಕೊನೆಯ ಬೆಲೆ ಅಂತ ನಂಬಬೇಡಿ, ಇನ್ನೂ ಏರುತ್ತೇನೆ. ಮತ್ತೆ, ತೂತಿಗೆ ಬೇರೆ ಕೇಳಿ.